ಆಪ್ ಮಾಡಸ್ಬೇಕೇನ್ರಿ, ವೆಬ್‌ಸೈಟ್ ಸಾಕೇನ್ರಿ? ಪದೇ ಪದೇ ಕೇಳುವ ಪ್ರಶ್ನೆಗಳು

ಜಮಖಂಡಿಯಲ್ಲಿ ನಮ್ಮದೊಂದು ಸಣ್ಣ ಅಂಗಡಿ. ಫೋನಿನಲ್ಲಿ ಸಲೀಸಾಗಿ ತೆರೆಯುವ ವೆಬ್‌ಸೈಟ್ ಮಾಡಿಕೊಡುವುದು ಕೆಲಸ, ಅಪರೂಪಕ್ಕೆ ಆಪ್ ಕೂಡ. ರಬಕವಿ-ಬನಹಟ್ಟಿಯ ಸೀರೆಯವರು, ಮಹಾಲಿಂಗಪುರದ ಬೆಲ್ಲದವರು, ತಿಕೋಟಾ ಕಡೆಯ ಒಣದ್ರಾಕ್ಷಿಯವರು, ಅಥಣಿಯ ಚಪ್ಪಲಿಯವರು ಬಂದು ಕೂಡುತ್ತಾರೆ. ಹೇಳಿದ ಚಹಾ ಬರುವುದರೊಳಗೆ ಅವೇ ಪ್ರಶ್ನೆಗಳು ಬಂದಿರುತ್ತವೆ. ಹೇಳಿ ಹೇಳಿ ಬಾಯಿ ಒಣಗಿತು ಅಂತ ಒಂದು ಕಡೆ ಬರೆದಿಟ್ಟಿದ್ದೇವೆ. ಪ್ರಶ್ನೆ ಕೇಳಿದವರ ಮಾತಿನಲ್ಲೇ ಇದೆ, ಉತ್ತರಕ್ಕೆ ಮಾತ್ರ ಸ್ವಲ್ಪ ಇಸ್ತ್ರಿ ಹೊಡೆದಿದ್ದೇವೆ.

ನಮ್ಮ ಅಂಗಡಿ ಹೆಸರಲೆ ಒಂದ್ ಆಪ್ ಮಾಡಿಕೊಡ್ರಿ. ಪ್ಲೇ ಸ್ಟೋರ್‌ನ್ಯಾಗ ಕಾಣಬೇಕ್ ನೋಡ್ರಿ.

ಮಾಡಿಕೊಡೋಣ. ಅದಕ್ಕೂ ಮೊದಲು ನಿಮ್ಮ ಫೋನ್ ತೆಗೆದು ನೋಡಿ. ನೀವೇ ಸಾಮಾನು ತರುವ ಕಿರಾಣಿ ಅಂಗಡಿಯದ್ದೋ, ಬಟ್ಟೆ ಅಂಗಡಿಯದ್ದೋ ಆಪ್ ಅದರಲ್ಲಿ ಇದೆಯೇ? ಇಲ್ಲಿಯವರೆಗೆ ಹೌದು ಅಂದವರು ಒಬ್ಬರೂ ಸಿಕ್ಕಿಲ್ಲ.

ಗಿರಾಕಿಯ ಕಡೆಯಿಂದ ನೋಡಿ. ಸೀರೆ ಕೊಳ್ಳುವ ಅಕ್ಕನವರು ನಿಮ್ಮಲ್ಲಿಗೆ ಬರುವುದು ಪಂಚಮಿಗೆ ಒಮ್ಮೆ, ಮನೆಯಲ್ಲಿ ಮದುವೆ ಇದ್ದರೆ ಇನ್ನೊಮ್ಮೆ. ಅಷ್ಟಕ್ಕಾಗಿ ಅವರು ಸ್ಟೋರ್ ತೆರೆದು, ನಿಮ್ಮ ಹೆಸರನ್ನು ಸರಿಯಾಗಿ ಬರೆದು ಹುಡುಕಿ, ಹತ್ತಾರು ಎಂಬಿ ಇಳಿಸಿಕೊಂಡು, ಅದು ಕೇಳಿದ್ದಕ್ಕೆಲ್ಲ ಒಪ್ಪಿಗೆ ಕೊಟ್ಟು, ನಂಬರ್ ಹಾಕಿ ಓಟಿಪಿ ಕಾಯಬೇಕು. ಆಮೇಲೆ ಸೀರೆ ನೋಡುವುದು. ಫೋನಿನ ಜಾಗ ತುಂಬಿದ ದಿನ ಮೊದಲು ಅಳಿಸಿಹೋಗುವುದೂ ಅದೇ ಆಪ್. ಮಕ್ಕಳ ಫೋಟೋ ಅಳಿಸಲು ಯಾರಿಗೂ ಮನಸ್ಸಾಗುವುದಿಲ್ಲವಲ್ಲ.

ವೆಬ್‌ಸೈಟಿನ ಲಿಂಕ್ ಆದರೆ ವಾಟ್ಸ್ಯಾಪ್‌ನಲ್ಲಿ ಬರುತ್ತದೆ, ಒತ್ತಿದರೆ ಸೀರೆ ಕಾಣುತ್ತದೆ.

ಹಾಗಂತ ಆಪ್ ಯಾರಿಗೂ ಬೇಡ ಅಂತಲ್ಲ. ದಿನಾ ತೆರೆಯುವ ಕೆಲಸ ಇದ್ದರೆ ಆಪೇ ಬೇಕು. ಡೇರಿಯವರು ಬೆಳಿಗ್ಗೆ ಸಂಜೆ ಹಾಲಿನ ಲೆಕ್ಕ ಬರೆಯುತ್ತಾರೆ. ಕಬ್ಬು ಕಡಿಯುವ ಗ್ಯಾಂಗಿನ ಮುಕಾದಮ ಯಾರು ಬಂದರು, ಎಷ್ಟು ಉಚಲ (ಮುಂಗಡ) ಕೊಂಡರು ಅಂತ ಹೊಲದಲ್ಲೇ ನಿಂತು ಗುರುತು ಹಾಕಿಕೊಳ್ಳುತ್ತಾನೆ. ತೂಕದ ಯಂತ್ರಕ್ಕೆ ಬ್ಲೂಟೂತ್ ಜೋಡಿಸುವುದು, ಹಿನ್ನೆಲೆಯಲ್ಲಿ ಲೊಕೇಶನ್ ನೋಡುತ್ತಿರುವುದು ಇಂಥವೆಲ್ಲ ಆಪ್‌ನಲ್ಲೇ ಸುಸೂತ್ರ. ಸೀರೆ, ಬೆಲ್ಲ, ಚಪ್ಪಲಿ ಮಾರಲು ಇವು ಯಾವವೂ ಬೇಡ.

ದೊಡ್ಡ ದೊಡ್ಡ ಕಂಪನಿಯವರು ಆಪ್ ಇಳಿಸ್ಕೋರಿ ಅಂತ ಬೆನ್ನ ಹತ್ತತಾರಲ್ರಿ. ಅವರಿಗೇನ್ ತಿಳಿಯಂಗಿಲ್ಲೇನು?

ತಿಳಿಯುತ್ತದೆ. ಒಮ್ಮೆ ಕೈ ಸುಟ್ಟುಕೊಂಡೂ ತಿಳಿದಿದ್ದಾರೆ. ನಮ್ಮ ಬೆಂಗಳೂರಿನದೇ ಕತೆ ಇದೆ. 2015ರ ಮೇ ತಿಂಗಳಲ್ಲಿ ಬಟ್ಟೆ ಮಾರುವ ಮಿಂತ್ರಾ ತನ್ನ ವೆಬ್‌ಸೈಟಿನ ಬಾಗಿಲು ಹಾಕಿ, ಇನ್ನು ಮುಂದೆ ವ್ಯಾಪಾರವೆಲ್ಲ ಆಪ್‌ನಲ್ಲೇ ಅಂದಿತು. ಫ್ಲಿಪ್‌ಕಾರ್ಟ್ ಕೂಡ ಆ ವರ್ಷ ಫೋನಿನ ವೆಬ್‌ಸೈಟ್ ತೆಗೆದು, ಬಂದವರನ್ನೆಲ್ಲ ಆಪ್ ಕಡೆಗೆ ದಬ್ಬಿತು. ನವೆಂಬರ್ ಬರುವಷ್ಟರಲ್ಲಿ ಅದೇ ಫ್ಲಿಪ್‌ಕಾರ್ಟ್ 'ಫ್ಲಿಪ್‌ಕಾರ್ಟ್ ಲೈಟ್' ಅಂತ ಫೋನಿನ ವೆಬ್‌ಸೈಟನ್ನು ಹೊಸದಾಗಿ ಕಟ್ಟಿ ತಂದಿತು. ಮಿಂತ್ರಾ ಮರುವರ್ಷ ಬಾಗಿಲು ತೆರೆಯಿತು. ಅಷ್ಟು ದುಡ್ಡಿದ್ದವರೇ ವರ್ಷದ ಆಸುಪಾಸಿನಲ್ಲಿ ತಿರುಗಿ ಬಂದ ದಾರಿಯಲ್ಲಿ ನೀವು ಹೊಸದಾಗಿ ಹೊರಟಿದ್ದೀರಿ.

ಈ ಹಗ್ಗಜಗ್ಗಾಟ ಅದಕ್ಕಿಂತಲೂ ಹಳೆಯದು. 2007ರಲ್ಲಿ ಮೊದಲ ಐಫೋನ್ ಬಂದಾಗ ಹೊರಗಿನವರು ಆಪ್ ಮಾಡಿ ಹಾಕಲು ಅವಕಾಶವೇ ಇರಲಿಲ್ಲ. ನಿಮಗೆ ಬೇಕಾದ್ದನ್ನು ವೆಬ್‌ನಲ್ಲೇ ಮಾಡಿ, ಐಫೋನಿನ ಬ್ರೌಸರ್ ಸಫಾರಿಯಲ್ಲಿ ಓಡುತ್ತದೆ ಅಂತ ಸ್ಟೀವ್ ಜಾಬ್ಸ್ ಹೇಳಿದ್ದರು. ಡೆವಲಪರ್‌ಗಳು ಮುನಿಸಿಕೊಂಡರು. 2008ರ ಜುಲೈ 10ರಂದು 500 ಆಪ್‌ಗಳೊಂದಿಗೆ ಆಪಲ್ ತನ್ನ ಆಪ್ ಸ್ಟೋರ್ ತೆರೆಯಿತು. ಅದೇ ವರ್ಷ ಮೊದಲ ಆಂಡ್ರಾಯ್ಡ್ ಫೋನೂ ಬಂತು, ಅದರ ಜೊತೆ ಆಂಡ್ರಾಯ್ಡ್ ಮಾರ್ಕೆಟ್ಟೂ ಬಂತು. ಆ ಮಾರ್ಕೆಟ್ಟಿಗೆ ಪ್ಲೇ ಸ್ಟೋರ್ ಅಂತ ಹೆಸರಾದದ್ದು 2012ರಲ್ಲಿ.

ವೆಬ್‌ಸೈಟ್ ಅಂದ್ರ ನೆಟ್ ಇಲ್ಲದಾಗ ತೆರಿಯಂಗಿಲ್ಲಲ್ರಿ?

ಮೊದಲು ಹಾಗಿತ್ತು. ಫ್ಲಿಪ್‌ಕಾರ್ಟ್ ಲೈಟ್ ಅಂದೆವಲ್ಲ, ಅದರ ಗುಟ್ಟು ಇಲ್ಲೇ ಇದೆ. ಪ್ರೋಗ್ರೆಸಿವ್ ವೆಬ್ ಆಪ್ ಅಂತ ಈ ಬಗೆಗೆ 2015ರಲ್ಲಿ ಹೆಸರು ಬಿತ್ತು, ಈಗ ಎಲ್ಲರೂ ಪಿಡಬ್ಲ್ಯೂಎ ಅನ್ನುತ್ತಾರೆ. ಒಮ್ಮೆ ತೆರೆದ ಪುಟವನ್ನೂ ಚಿತ್ರವನ್ನೂ ಬ್ರೌಸರ್ ತನ್ನ ಹತ್ತಿರ ಕೂಡಿಟ್ಟುಕೊಳ್ಳುತ್ತದೆ. 'ಸರ್ವಿಸ್ ವರ್ಕರ್' ಎಂಬ ಸಣ್ಣ ಪ್ರೋಗ್ರಾಂ ಬಾಗಿಲಲ್ಲಿ ಕುಳಿತ ಗುಮಾಸ್ತನ ಹಾಗೆ, ಕೇಳಿದ ಸಾಮಾನು ಒಳಗಿದ್ದರೆ ಒಳಗಿಂದ ಕೊಡುತ್ತದೆ, ಇಲ್ಲದಿದ್ದರೆ ಮಾತ್ರ ನೆಟ್ಟಿಗೆ ಹೋಗುತ್ತದೆ. ಗಿರಾಕಿ 'ಹೋಮ್ ಸ್ಕ್ರೀನ್‌ಗೆ ಸೇರಿಸಿ' ಒತ್ತಿದರೆ ನಿಮ್ಮ ಅಂಗಡಿಯ ಚಿಹ್ನೆ ಉಳಿದ ಆಪ್‌ಗಳ ಸಾಲಿನಲ್ಲೇ ಕೂರುತ್ತದೆ. ಗೊತ್ತಿಲ್ಲದವರಿಗೆ ಅದು ಆಪ್ ಅಲ್ಲ ಅಂತ ಗೊತ್ತಾಗುವುದೂ ಇಲ್ಲ.

ಆಲಮಟ್ಟಿ ಹಿನ್ನೀರಿನ ಕಡೆ ಹೋದರೆ ಸಿಗ್ನಲ್ಲಿನ ಕಡ್ಡಿ ಏರುತ್ತದೆ, ಇಳಿಯುತ್ತದೆ, ಒಮ್ಮೆಲೇ ಮಾಯ. ಅಲ್ಲಿಯ ಗಿರಾಕಿಗೂ ದರದ ಪಟ್ಟಿ ಕಾಣಬೇಕೆಂದರೆ ಇದೇ ಉಪಾಯ. ಆದರೆ ಕಾಣುವುದು ಕೊನೆಯ ಸಲ ನೆಟ್ ಇದ್ದಾಗಿನ ದರ. ಬೆಲ್ಲದಂಥ ದಿನಾ ಏರಿಳಿಯುವ ಮಾಲಿಗೆ ಪಟ್ಟಿಯ ಮೇಲೆ 'ಯಾವ ದಿನದ ದರ' ಅಂತ ದಪ್ಪಕ್ಷರದಲ್ಲಿ ಹಾಕಿಸಿ. ಹಾಕದೆ ಬಿಟ್ಟವರೊಬ್ಬರು ಹಳೆ ದರಕ್ಕೇ ಮಾಲು ಕೊಡಬೇಕಾಗಿ ಬಂದು ನಮ್ಮ ಮೇಲೆ ಸಿಟ್ಟಾದರು. ತಪ್ಪು ನಮ್ಮದೇ ಇತ್ತು.

ಐಫೋನ್‌ನಲ್ಲಿ ಈ ಸೌಲಭ್ಯ ಬಹಳ ತಡವಾಗಿ, ತುಂಡುತುಂಡಾಗಿ ಬಂತು. ಹೋಮ್ ಸ್ಕ್ರೀನ್‌ಗೆ ಸೇರಿಸಿದ ವೆಬ್‌ಸೈಟಿನಿಂದ ನೋಟಿಫಿಕೇಶನ್ ಕಳಿಸಲು ಸಾಧ್ಯವಾದದ್ದು 2023ರ ಮಾರ್ಚ್‌ನಲ್ಲಿ, ಐಓಎಸ್ 16.4ರಿಂದ.

ಆಪ್ ಸ್ಟೋರ್‌ಗೆ ಹಾಕಾಕ ರೊಕ್ಕ ಕೊಡಬೇಕೇನ್ರಿ?

ಪ್ಲೇ ಸ್ಟೋರ್‌ನಲ್ಲಿ ಡೆವಲಪರ್ ಖಾತೆಗೆ ಒಂದೇ ಸಲ 25 ಡಾಲರ್. ಆಪಲ್‌ಗೆ ಪ್ರತಿ ವರ್ಷ 99 ಡಾಲರ್. ಆಪಲ್‌ಗೆ ಕಟ್ಟುವುದು ನಿಲ್ಲಿಸಿದರೆ ಆಪ್ ಅಂಗಡಿಯಿಂದ ಇಳಿಯುತ್ತದೆ. ನೀವು ಮಾರುವುದು ಸೀರೆ, ಬೆಲ್ಲದಂಥ ಕೈಗೆ ಸಿಗುವ ವಸ್ತುವಾದರೆ ಮಾರಾಟದಲ್ಲಿ ಗೂಗಲ್, ಆಪಲ್ ಪಾಲು ಕೇಳುವುದಿಲ್ಲ. ಆಟದ ನಾಣ್ಯ, ಪಾಠದ ವಿಡಿಯೋದಂಥ ಫೋನಿನೊಳಗೇ ಮುಗಿಯುವ ಮಾಲಿಗೆ ಮಾತ್ರ ಕಮಿಷನ್ ಇದೆ.

ರೊಕ್ಕಕ್ಕಿಂತ ಕಾಟ ಬೇರೆಯದು. 2023ರ ನವೆಂಬರ್ 13ರ ನಂತರ ವೈಯಕ್ತಿಕ ಹೆಸರಿನಲ್ಲಿ ಪ್ಲೇ ಸ್ಟೋರ್ ಖಾತೆ ತೆರೆದವರು ಆಪ್ ಹೊರಬಿಡುವ ಮೊದಲು ಒಂದಷ್ಟು ಜನರನ್ನು ಪರೀಕ್ಷೆಗೆ ಸೇರಿಸಿ, ಸತತ 14 ದಿನ ಇಟ್ಟುಕೊಳ್ಳಬೇಕು. ಮೊದಲು 20 ಜನ ಅಂದಿದ್ದರು, ಒಂದು ವರ್ಷದ ಮೇಲೆ 12ಕ್ಕೆ ಇಳಿಸಿದರು. ಅಳಿಯ, ಮೈದುನ, ಬೀಗರು ಅಂತ ಎಲ್ಲರನ್ನೂ ಸೇರಿಸುತ್ತೀರಿ. ಎಂಟನೇ ದಿನಕ್ಕೆ ಇಬ್ಬರು ಬಿಟ್ಟು ಹೋಗಿರುತ್ತಾರೆ. ಜಾತ್ರೆಯ ಪಟ್ಟಿ ಎತ್ತುವುದು ಇದಕ್ಕಿಂತ ಸಲೀಸು.

ಇಷ್ಟಾದ ಮೇಲೆ ಪ್ರತಿ ವರ್ಷ ಹೊಸ ಆಂಡ್ರಾಯ್ಡ್‌ಗೆ ಹೊಂದುವಂತೆ ಆಪ್ ತಿದ್ದಿ ಕಟ್ಟುತ್ತಿರಬೇಕು. ಬಿಟ್ಟರೆ ಹೊಸ ಫೋನ್ ಇದ್ದವರಿಗೆ ಸ್ಟೋರ್‌ನಲ್ಲಿ ಅದು ಕಾಣುವುದೇ ಇಲ್ಲ. ನಮ್ಮಲ್ಲಿಗೆ ಬಂದ ನೇಕಾರ ಕಾಕಾ ಒಬ್ಬರು ಎಲ್ಲಿಯೋ ಆಪ್ ಮಾಡಿಸಿ ಒಳ್ಳೆ ಮೊತ್ತವನ್ನೇ ಸುರಿದಿದ್ದರು. ಎರಡು ವರ್ಷ ಕಳೆದ ಮೇಲೆ ಮೊಮ್ಮಗಳ ಹೊಸ ಫೋನಿನಲ್ಲಿ ಹುಡುಕಿದರೆ ಇಲ್ಲ. ಮಾಡಿಕೊಟ್ಟವರು ನಂಬರ್ ಬದಲಿಸಿದ್ದರು, ಖಾತೆಯೂ ಅವರ ಹೆಸರಿನಲ್ಲೇ ಇತ್ತು. ಯಾರ ಹತ್ತಿರ ಮಾಡಿಸಿದರೂ ಖಾತೆ, ಡೊಮೇನ್ (ವೆಬ್‌ಸೈಟಿನ ವಿಳಾಸ), ಪಾಸ್‌ವರ್ಡ್ ನಿಮ್ಮ ಹೆಸರಿನಲ್ಲೇ ಇರಲಿ. ನಮ್ಮ ಹತ್ತಿರ ಮಾಡಿಸಿದರೂ ಅಷ್ಟೇ.

ಪಾಂಪ್ಲೆಟ್‌ನ್ಯಾಗ ಚಂದ ಇದ್ದ ಕನ್ನಡ ವೆಬ್‌ಸೈಟ್‌ನ್ಯಾಗ ಯಾಕ ಕಾಗಿ-ಗುಬ್ಬಿ ಆಗತೈತ್ರಿ?

ದಿನಕ್ಕೊಬ್ಬರಾದರೂ ಕೇಳುವ ಪ್ರಶ್ನೆ ಇದು.

ಪಾಂಪ್ಲೆಟ್ ಮಾಡಿದ ಡಿಟಿಪಿಯವರು ಹಳೆಯ ನುಡಿ ಇಲ್ಲವೇ ಬರಹ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿರುತ್ತಾರೆ. ಆ ಕಡತದ ಒಳಗೆ ನಿಜಕ್ಕೂ ಕನ್ನಡ ಇರುವುದಿಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತಗಳಿರುತ್ತವೆ, ಅವುಗಳ ಮೇಲೆ ಕನ್ನಡದ ವೇಷ ಹಾಕಿರುತ್ತದೆ. ಆ ಫಾಂಟ್ ಇದ್ದ ಕಂಪ್ಯೂಟರ್‌ನಲ್ಲಿ ವೇಷ ನಿಲ್ಲುತ್ತದೆ, ನಿಮ್ಮ ಫೋನಿಗೆ ಬಂದೊಡನೆ ಕಳಚಿ ಬೀಳುತ್ತದೆ. ಯೂನಿಕೋಡ್‌ನಲ್ಲಿ ಬರೆದರೆ ಹೀಗಾಗದು. ಅದರಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಇದೆ, 1991ರ ಮೊದಲ ಆವೃತ್ತಿಯಿಂದಲೇ ಇದೆ. ಹಳೆ ಬರಹವನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಬದಲಿಸಿದ ಮೇಲೆ ಅರ್ಕಾವೊತ್ತು ಇದ್ದ ಕಡೆ ಮಾತ್ರ ಕಣ್ಣು ಹಾಯಿಸಿ, ಯಂತ್ರ ಎಡವುವುದು ಅಲ್ಲೇ.

ಯೂನಿಕೋಡ್ ಇದ್ದರೂ ಫೋನಿಗೆ ಅದನ್ನು ಬಿಡಿಸುವ ಬುದ್ಧಿ ಬೇಕು. ಆಂಡ್ರಾಯ್ಡ್‌ಗೆ ಅದು ಬಂದದ್ದು 2012ರಲ್ಲಿ, 4.1ನೇ ಆವೃತ್ತಿಯಲ್ಲಿ. ಅದಕ್ಕೂ ಹಿಂದಿನ ಎಷ್ಟೋ ಫೋನುಗಳಲ್ಲಿ ಕನ್ನಡದ ಜಾಗದಲ್ಲಿ ಬರೀ ಚೌಕಗಳು ಕಾಣುತ್ತಿದ್ದವು. ಆಗ ಕಾಲೇಜಿನಲ್ಲಿದ್ದವರಿಗೆ ಇದು ನೆನಪಿರುತ್ತದೆ.

ಇನ್ನೊಂದು ತೊಂದರೆ ವಿನ್ಯಾಸದವರದ್ದು. ಇಂಗ್ಲಿಷ್ ಅಕ್ಷರದ ಅಳತೆಗೆ ಗುಂಡಿ ಮಾಡಿರುತ್ತಾರೆ. ಕನ್ನಡಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು. ಸಾಲಿನ ಎತ್ತರ ಸಾಲದೆ 'ರೊಟ್ಟಿ'ಯ ಒತ್ತು ಹಾರಿ 'ರೊಟಿ' ಆಗುತ್ತದೆ, 'ಒಪ್ಪಿಗೆ' 'ಒಪಿಗೆ' ಆಗುತ್ತದೆ. ನಾವು ಕನ್ನಡದ ಪುಟಕ್ಕೆ ಸಾಲಿನ ಎತ್ತರವನ್ನು ಅಕ್ಷರದ ಒಂದೂಮುಕ್ಕಾಲು ಪಟ್ಟು ಇಡುತ್ತೇವೆ. ಅಕ್ಷರಶೈಲಿ ಕೇಳಿದರೆ ಮೈಬರಹಕ್ಕೆ ನೋಟೋ ಸಾನ್ಸ್ ಕನ್ನಡ, ತಲೆಬರಹಕ್ಕೆ ಬಲೂ ತಮ್ಮ. 'ಹುಬ್ಬಳ್ಳಿ' ಅನ್ನುವ ಹೆಸರಿನದೂ ಒಂದಿದೆ. ನಮ್ಮ ಕಡೆಯ ಹೆಸರು ಅಂತ ಅದರ ಮೇಲೆ ಸ್ವಲ್ಪ ಪಕ್ಷಪಾತ ಇದ್ದೇ ಇದೆ. ಎಲ್ಲವೂ ಉಚಿತ.

ಎಸ್‌ಎಂಎಸ್ ಕಳಿಸುವವರಿಗೆ ಇನ್ನೊಂದು ಮಾತು. ಇಂಗ್ಲಿಷ್‌ನಲ್ಲಿ ಒಂದು ಎಸ್‌ಎಂಎಸ್‌ಗೆ 160 ಅಕ್ಷರ, ಕನ್ನಡದಲ್ಲಿ 70 ಮಾತ್ರ. ಆ 70 ಕೂಡ ನಾವು ಎಣಿಸುವ ಲೆಕ್ಕದಲ್ಲಿಲ್ಲ. 'ಒಣದ್ರಾಕ್ಷಿ' ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಫೋನು ಒತ್ತಕ್ಷರ ಜೋಡಿಸುವ ವಿರಾಮ (್), ಕಾಗುಣಿತದ ಗುರುತುಗಳನ್ನೆಲ್ಲ ಬಿಡಿಬಿಡಿಯಾಗಿ ಎಣಿಸಿ ಹತ್ತು ಅನ್ನುತ್ತದೆ. ಸಾವಿರ ಗಿರಾಕಿಗೆ ಕಳಿಸಿದಾಗ ಬಿಲ್ ಯಾಕೆ ಇಷ್ಟು ಬಂತು ಅಂದರೆ ಇದೇ ಕಾರಣ.

ಬರಿಯಾಕ ಬ್ಯಾಸರಾ. ಮಾತಾಡಿದ್ರ ತಾನ ಬರಕೊಳ್ಳತೈತಂತಲ್ರಿ?

ಬರೆದುಕೊಳ್ಳುತ್ತದೆ. ಗೂಗಲ್‌ನ ಧ್ವನಿ ಬರಹಕ್ಕೆ ಕನ್ನಡ ಸೇರಿದ್ದು 2017ರ ಆಗಸ್ಟ್‌ನಲ್ಲಿ. ಕೀಬೋರ್ಡ್‌ನ ಮೈಕ್ ಒತ್ತಿ ಮಾತಾಡಿದರೆ ಸಾಕು. ಆದರೆ ಅದು ಕಲಿತದ್ದು ಪುಸ್ತಕದ ಕನ್ನಡ. 'ಹೋಗಾಕತ್ತೀನಿ', 'ಬರಾಂಗಿಲ್ಲ' ಅಂದರೆ ತಬ್ಬಿಬ್ಬಾಗಿ ಏನೇನೋ ಬರೆಯುತ್ತದೆ. ನಮ್ಮ ಗಿರಾಕಿಗಳು ಈಗ ಫೋನಿನ ಮುಂದೆ ಆಕಾಶವಾಣಿಯಲ್ಲಿ ವಾರ್ತೆ ಓದುವವರಂತೆ ಮಾತಾಡಲು ಕಲಿತಿದ್ದಾರೆ. ಕೇಳಲು ಮಜಾ ಇರುತ್ತದೆ.

ನಮ್ಮ ಗಿರಾಕಿ ಅರ್ಧಾ ಮರಾಠಿ ಮಂದಿ ಅದಾರ. ಎರಡೂ ಭಾಷಾದಾಗ ಬರತೈತೇನ್ರಿ?

ಬರುತ್ತದೆ. ನಿಪ್ಪಾಣಿ, ಚಿಕ್ಕೋಡಿ, ಬೆಳಗಾವಿಯ ಗಣಪತ ಗಲ್ಲಿ ಕಡೆ ವ್ಯಾಪಾರ ಇದ್ದವರಿಗೆ ಎರಡನ್ನೂ ಹಾಕಿ ಅಂತ ನಾವೇ ಹೇಳುತ್ತೇವೆ. ಅನುವಾದವನ್ನು ಯಂತ್ರಕ್ಕೆ ಬಿಡಬೇಡಿ. ಇಳಕಲ್ ಸೀರೆಯ 'ತೋಪು ತೆನಿ' ಸೆರಗನ್ನು ಅದು ಒಮ್ಮೆ ಹೊಲದ ತೆನೆ ಮಾಡಿ ಇಟ್ಟಿತ್ತು. ಸೆರಗಿನ ಆ ವಿನ್ಯಾಸಕ್ಕೆ ಹೆಸರು ಬಂದದ್ದು ಜೋಳದ ತೆನೆಯಿಂದಲೇ, ಅದು ಖರೆ. ಗಿರಾಕಿ ಕೇಳುವುದು ಮಾತ್ರ 'ತೋಪು ತೆನಿ' ಅಂತಲೇ. ಕಸೂತಿ, ಗುಳೇದಗುಡ್ಡ ಖಣ, ಇವೆಲ್ಲ ಎಲ್ಲ ಭಾಷೆಯಲ್ಲೂ ಹಾಗೇ ಇರಲಿ.

ವೆಬ್‌ಸೈಟ್ ತೆರಿಯಾಕ ತಡಾ ಮಾಡತೈತ್ರಿ. ಸರ್ವರ್ ಬದಲಿ ಮಾಡಸಲೇನು?

ಮೊದಲು ಫೋಟೋ ನೋಡಿ. ಹತ್ತರಲ್ಲಿ ಒಂಬತ್ತು ಸಲ ಸರ್ವರ್ ನಿರಪರಾಧಿ. ಈಗಿನ ಫೋನು ತೆಗೆದ ಒಂದು ಫೋಟೋ ಮೂರು-ನಾಲ್ಕು ಎಂಬಿ ಇರುತ್ತದೆ. ಅಂಥ ಮೂವತ್ತು ಸೀರೆಯ ಫೋಟೋ ಒಂದೇ ಪುಟಕ್ಕೆ ಹಾಕಿದರೆ ನೂರು ಎಂಬಿ. ಗಿರಾಕಿ ಸೆರಗು ಕಾಣುವ ಮೊದಲೇ ಹಿಂದೆ ಹೋಗಿರುತ್ತಾನೆ. ಫೋನಿನ ಪರದೆಗೆ ಬೇಕಾದ ಅಗಲಕ್ಕೆ ಇಳಿಸಿ, ವೆಬ್‌ಪಿ ಮಾದರಿಯಲ್ಲಿ ಉಳಿಸಿದರೆ ಒಂದೊಂದು ನೂರು-ನೂರೈವತ್ತು ಕೆಬಿಗೆ ಬರುತ್ತದೆ, ಬಣ್ಣ ಕೆಡುವುದಿಲ್ಲ. ಇಳಕಲ್ ಸೀರೆಯ ಕೆಂಪು ಸೆರಗನ್ನು ಟ್ಯೂಬ್‌ಲೈಟಿನ ಕೆಳಗೆ ತೆಗೆಯಬೇಡಿ. ಬೆಳಿಗ್ಗೆ ಒಂಬತ್ತರ ಒಳಗೆ ಪಡಸಾಲೆಯ ನೆರಳಿನಲ್ಲಿ ತೆಗೆದ ಫೋಟೋ ಯಾವ ಫಿಲ್ಟರ್‌ಗಿಂತಲೂ ಚಂದ.

ಇನ್ನು ಆರ್ಡರ್ ಫಾರಂ. 'ಮೊದಲ ಹೆಸರು, ಕೊನೆಯ ಹೆಸರು, ಬೀದಿ, ಫ್ಲಾಟ್ ನಂಬರ್' ಅಂತ ಪರದೇಶದ ಅಚ್ಚಿನಲ್ಲಿ ಎರಕ ಹೊಯ್ದದ್ದನ್ನು ಹಾಗೇ ಇಟ್ಟರೆ ನಮ್ಮ ಹಳ್ಳಿಯವರು ಏನು ತುಂಬಬೇಕು? ಹೆಸರಿಗೆ ಒಂದೇ ಖಾನೆ, ಊರು, ಪಿನ್ ಕೋಡ್, ಫೋನ್ ನಂಬರ್, ಆಮೇಲೆ 'ಮನೆ ಗುರುತು' ಅಂತ ದೊಡ್ಡ ಖಾನೆ. ಹನುಮಪ್ಪನ ಗುಡಿ ಹಿಂದೆ, ಹಿಟ್ಟಿನ ಗಿರಣಿ ಎದುರು ಅಂತ ಬರೆದದ್ದನ್ನು ನೋಡಿಯೇ ಕೊರಿಯರ್ ಹುಡುಗ ಮನೆ ಮುಟ್ಟುತ್ತಾನೆ. ನಂಬರಿನ ಖಾನೆ ಮುಟ್ಟಿದಾಗ ಅಂಕಿಯ ಕೀಲಿಮಣೆಯೇ ಏಳಬೇಕು. ಇದು ಒಂದೇ ಸಾಲಿನ ಕೆಲಸ, ಎಷ್ಟೋ ಜನ ಮಾಡುವುದಿಲ್ಲ.

ವಾಟ್ಸ್ಯಾಪ್ ಬಿಸಿನೆಸ್ ಐತ್ರಿ ನಮ್ಮ ಕಡೆ. ಮತ್ಯಾಕ ವೆಬ್‌ಸೈಟ್?

ನಿಮಗಿರುವುದು ಐವತ್ತು ಖಾಯಂ ಗಿರಾಕಿಯಾದರೆ ಬೇಡ, ರೊಕ್ಕ ಉಳಿಸಿ. 2018ರಲ್ಲಿ ಬಂದ ವಾಟ್ಸ್ಯಾಪ್ ಬಿಸಿನೆಸ್‌ಗೆ ಮರುವರ್ಷ ಕ್ಯಾಟಲಾಗ್ ಕೂಡ ಸೇರಿತು, ಅದರಲ್ಲೇ ಸಾಮಾನು ಜೋಡಿಸಿ ದರ ಹಾಕಬಹುದು. ಆದರೆ ಪುಣೆಯಲ್ಲೋ ಸೊಲ್ಲಾಪುರದಲ್ಲೋ ಕುಳಿತವರು 'ಇಳಕಲ್ ಸೀರೆ' ಅಂತ ಗೂಗಲ್‌ನಲ್ಲಿ ಹುಡುಕಿದರೆ ನಿಮ್ಮ ವಾಟ್ಸ್ಯಾಪ್ ಕಾಣುವುದಿಲ್ಲ. ಯಾರೋ ದೂರು ಒತ್ತಿ ನಂಬರ್ ಬಂದ್ ಆದ ದಿನ ಅಂಗಡಿಯೇ ಬಂದ್. ಎರಡನ್ನೂ ಇಟ್ಟುಕೊಂಡು, ವೆಬ್‌ಸೈಟಿನ ಪ್ರತಿ ಸೀರೆಯ ಕೆಳಗೆ 'ವಾಟ್ಸ್ಯಾಪ್‌ನಲ್ಲಿ ಕೇಳಿ' ಅಂತ ಗುಂಡಿ ಹಾಕಿಸುವವರೇ ನಮ್ಮಲ್ಲಿ ಹೆಚ್ಚು. ಚೌಕಾಶಿ ಇಲ್ಲದೆ ನಮ್ಮ ಕಡೆ ಸೀರೆ ಮಾರಾಟವಾಗುತ್ತದೆಯೇ? ಆ ಗುಂಡಿ ಇರುವುದು ಅದಕ್ಕೇ.

ನಮ್ಮಪ್ಪಾರ ಕಡೆ ಬಟನ್ ಫೋನ್ ಐತ್ರಿ. ಅವರಿಗೆ ಕಾಣತೈತೇನು?

ಯಾವ ಬಟನ್ ಫೋನ್ ಅನ್ನುವುದರ ಮೇಲಿದೆ. ಬರೀ ಮಾತಾಡುವ ಫೋನಾದರೆ ವೆಬ್‌ಸೈಟ್ ಇಲ್ಲ. ಅದರಲ್ಲೂ ಹಣ ಕಳಿಸಬಹುದು, 2022ರ ಮಾರ್ಚ್‌ನಲ್ಲಿ ಬಂದ ಯುಪಿಐ 123ಪೇ ಇರುವುದೇ ಅಂಥವರಿಗಾಗಿ. ಜಿಯೋಫೋನ್‌ನಂಥದ್ದಾದರೆ ಒಳಗೆ ಕೈಓಎಸ್ ಎಂಬ ಆಪರೇಟಿಂಗ್ ಸಿಸ್ಟಂ ಇರುತ್ತದೆ, ಬ್ರೌಸರ್ ಇರುತ್ತದೆ, ಹಗುರವಾದ ಪುಟ ಚೆನ್ನಾಗಿಯೇ ತೆರೆಯುತ್ತದೆ.

ಕೈಓಎಸ್‌ನದ್ದು ಕೇಳುವಂಥ ಕತೆ. ಫೈರ್‌ಫಾಕ್ಸ್ ಬ್ರೌಸರ್ ಮಾಡಿದ ಮೊಜಿಲ್ಲಾದವರು ಫೋನಿಗೊಂದು ಆಪರೇಟಿಂಗ್ ಸಿಸ್ಟಂ ಕಟ್ಟಿದರು, ಫೈರ್‌ಫಾಕ್ಸ್ ಓಎಸ್. ಅದರಲ್ಲಿ ಆಪ್ ಅಂದರೆ ವೆಬ್‌ಪುಟವೇ. 2014ರ ಆಗಸ್ಟ್‌ನಲ್ಲಿ ಇಂಟೆಕ್ಸ್ ಅದನ್ನು 1,999 ರೂಪಾಯಿಯ ಫೋನಿನಲ್ಲಿ ಭಾರತಕ್ಕೆ ತಂದಿತು. ಓಡಲಿಲ್ಲ. 2015ರ ಕೊನೆಗೆ ಮೊಜಿಲ್ಲಾ ಫೋನಿನಿಂದ ಕೈ ತೊಳೆದುಕೊಂಡಿತು. ಬಿಟ್ಟುಹೋದ ಆ ಮಗ್ಗದ ಮೇಲೆಯೇ ಬೇರೆಯವರು ಕೈಓಎಸ್ ನೇಯ್ದರು. 2017ರ ಜುಲೈನಲ್ಲಿ 1,500 ರೂಪಾಯಿ ಠೇವಣಿಗೆ ಜಿಯೋಫೋನ್ ಘೋಷಣೆಯಾದಾಗ ಒಳಗಿದ್ದದ್ದು ಅದೇ. 2018ರಲ್ಲಿ ಅದಕ್ಕೆ ವಾಟ್ಸ್ಯಾಪ್ ಬಂತು, 2024ರ ಜೂನ್‌ನಲ್ಲಿ ಅದರ ಸ್ಟೋರ್‌ನಿಂದ ತೆಗೆದರು. ವಾಟ್ಸ್ಯಾಪ್ ಹೋದ ಮೇಲೂ ಅಪ್ಪಾರ ಫೋನಿನ ಬ್ರೌಸರ್ ಉಳಿದಿದೆ.

ಹೊಸಾ ಹೊಸಾ ಸಿಸ್ಟಂ ಬರಾಕತ್ತಾವಂತ. ನಮ್ಮ ದೇಶದ್ದೂ ಬಂದೈತಂತ. ನಾಳೆ ಆಂಡ್ರಾಯ್ಡ್ ಹೋದ್ರ ನಮ್ಮ ರೊಕ್ಕ ಹೋತೇನ್ರಿ?

ಆಂಡ್ರಾಯ್ಡ್ ನಾಳೆಯೇ ಹೋಗುವುದಿಲ್ಲ. ಆದರೆ ನಿಮ್ಮ ಅಂಜಿಕೆಗೆ ಆಧಾರ ಇದೆ. ನೋಕಿಯಾದ ಸಿಂಬಿಯನ್ ಒಂದು ಕಾಲಕ್ಕೆ ಊರು ತುಂಬ ಇತ್ತು. 2011ರಲ್ಲಿ ನೋಕಿಯಾ ಅದನ್ನು ಬಿಟ್ಟು ಮೈಕ್ರೋಸಾಫ್ಟ್‌ನ ವಿಂಡೋಸ್ ಫೋನ್ ಹಿಡಿಯಿತು. ಆ ವಿಂಡೋಸ್‌ಗೂ 2020ರ ಜನವರಿಯಲ್ಲಿ ಮಂಗಳ ಹಾಡಿದರು. ಬ್ಲ್ಯಾಕ್‌ಬೆರಿಯ ಹಳೆ ಸಿಸ್ಟಂ 2022ರ ಜನವರಿ 4ರಂದು ನಿಂತಿತು. ಈ ಮೂರಕ್ಕೂ ಜನ ಆಪ್ ಮಾಡಿಸಿದ್ದರು, ಆ ದುಡ್ಡೆಲ್ಲ ಗಾಳಿಗೆ ಹೋಯಿತು. ಅದೇ ಕಾಲದಲ್ಲಿ ಮಾಡಿದ ಸಾದಾ ವೆಬ್‌ಪುಟ ಇವತ್ತಿನ ಫೋನಿನಲ್ಲೂ ತೆರೆಯುತ್ತದೆ. ಅಕ್ಷರ ಸಣ್ಣದು ಕಂಡೀತು, ಅಷ್ಟೇ.

ಹೊಸದರಲ್ಲಿ ಗಟ್ಟಿ ಹೆಜ್ಜೆ ಇಟ್ಟಿರುವುದು ಹುವಾವೆಯ ಹಾರ್ಮನಿ ಓಎಸ್. 2019ರಲ್ಲಿ ಬಂತು, 2024ರ 'ನೆಕ್ಸ್ಟ್' ಆವೃತ್ತಿಯಲ್ಲಿ ಆಂಡ್ರಾಯ್ಡ್ ಆಪ್‌ಗಳನ್ನು ಓಡಿಸುವುದನ್ನೇ ಬಿಟ್ಟಿತು. ಅದು ಚೀನಾದ ಮಾತು. ನಮ್ಮ ದೇಶದ್ದು ಅಂದಿರಲ್ಲ, ಅದು ಭಾರ್‌ಓಎಸ್. ಐಐಟಿ ಮದ್ರಾಸ್‌ನ ಆಸರೆಯಲ್ಲಿ ಬೆಳೆದ ಕಂಪನಿಯೊಂದು 2023ರ ಜನವರಿಯಲ್ಲಿ ತೋರಿಸಿತು. ಅದರ ತಳಪಾಯವೂ ಆಂಡ್ರಾಯ್ಡ್‌ನ ಯಾರು ಬೇಕಾದರೂ ಬಳಸಬಹುದಾದ ಮುಕ್ತ ಕೋಡೇ, ಗುರಿ ಹೆಚ್ಚಾಗಿ ಗುಟ್ಟು ಕಾಯಬೇಕಾದ ಸಂಸ್ಥೆಗಳು. ಪೇಟೆಯಲ್ಲಿ ಕೊಳ್ಳುವ ಫೋನಿನಲ್ಲಿ ಅದನ್ನು ಹುಡುಕಬೇಡಿ. ನಿಮಗೆ ಹತ್ತಿರದ ಸುದ್ದಿ ಬೇಕಾದರೆ ಫೋನ್‌ಪೇಯವರು 2024ರ ಫೆಬ್ರವರಿಯಲ್ಲಿ ತೆರೆದ ಇಂಡಸ್ ಆಪ್‌ಸ್ಟೋರ್. ಅದರಲ್ಲಿ ನಿಮ್ಮ ಆಪಿನ ವಿವರವನ್ನು ಕನ್ನಡದಲ್ಲೇ ಹಾಕಬಹುದು.

2022ರ ಅಕ್ಟೋಬರ್‌ನಲ್ಲಿ ಭಾರತದ ಸ್ಪರ್ಧಾ ಆಯೋಗ ಆಂಡ್ರಾಯ್ಡ್ ವಿಷಯಕ್ಕೆ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತು. ಫೋನಿನ ಜೊತೆ ಗೂಗಲ್ ಆಪ್‌ಗಳನ್ನು ಗಂಟು ಹಾಕಿ ಕೊಡುವುದು ಸಲ್ಲದು ಅನ್ನುವುದು ಆದೇಶದ ಮುಖ್ಯ ತಕರಾರು. ಬೇರೆ ಸ್ಟೋರ್‌ಗಳಿಗೆ ಉಸಿರಾಡಲು ಜಾಗ ಸಿಗುತ್ತಿರುವುದಕ್ಕೆ ಅದೂ ಒಂದು ಕಾರಣ.

ವಾಟ್ಸ್ಯಾಪ್‌ನ್ಯಾಗ ಆಪ್ ಫೈಲ್ ಕಳಸ್ತಾರಲ್ರಿ. ನಮ್ದೂ ಹಂಗ ಹಂಚಬಹುದೇನು?

ಖಂಡಿತ ಬೇಡ. ಎಪಿಕೆ ಅಂತ ಕೊನೆಯಾಗುವ ಆ ಕಡತ ಈಗ ಕಳ್ಳರ ಚೀಲ. ಮದುವೆ ಆಮಂತ್ರಣ, ಟ್ರಾಫಿಕ್ ದಂಡದ ಚಲನ್, ಬ್ಯಾಂಕಿನ ಕೆವೈಸಿ, ಪಿಎಂ ಕಿಸಾನ್ ಅಂತ ಹೆಸರು ಹಚ್ಚಿ ಕಳಿಸುತ್ತಾರೆ. ಬಂಧುಗಳ ನಂಬರಿನಿಂದಲೇ ಬರಬಹುದು, ಅವರ ಫೋನ್ ಆಗಲೇ ಕೈತಪ್ಪಿರುತ್ತದೆ. ಒತ್ತಿ ಇಳಿಸಿಕೊಂಡರೆ ಮೊದಲು ಎಸ್‌ಎಂಎಸ್ ಓದಲು ಅನುಮತಿ ಕೇಳುತ್ತದೆ, ಓಟಿಪಿ ಬರುವುದು ಅಲ್ಲಿಗೇ ನೋಡಿ. ಲಗ್ನಪತ್ರಿಕೆ ಚಿತ್ರವಾಗಿಯೋ ಪಿಡಿಎಫ್ ಆಗಿಯೋ ಬರುತ್ತದೆ. ಅದನ್ನು ನೋಡಲು 'ಇನ್‌ಸ್ಟಾಲ್' ಒತ್ತುವ ಗರಜು ಬೀಳುವುದಿಲ್ಲ.

ಒತ್ತಿಬಿಟ್ಟಿದ್ದರೆ ಮೊದಲು ನೆಟ್ ಬಂದ್ ಮಾಡಿ, ಬೇರೆ ಫೋನಿನಿಂದ ಬ್ಯಾಂಕಿಗೂ 1930ಕ್ಕೂ ಕರೆ ಮಾಡಿ. ನಾಚಿಕೆಪಟ್ಟು ಸಂಜೆವರೆಗೆ ಸುಮ್ಮನಿದ್ದವರ ರೊಕ್ಕ ಸಿಗುವುದು ಕಷ್ಟ. ಕರೆ ಬೇಗ ಹೋದಷ್ಟೂ ಹಣವನ್ನು ದಾರಿಯಲ್ಲೇ ತಡೆಯುವ ಅವಕಾಶ ಹೆಚ್ಚು.

ಆಪ್ ಕೇಳುವ ಅನುಮತಿಗಳನ್ನು ಒಂದೊಂದಾಗಿ ಒಪ್ಪುವ ಇಲ್ಲವೇ ತಿರಸ್ಕರಿಸುವ ಅಧಿಕಾರ 2015ರ ಆಂಡ್ರಾಯ್ಡ್ 6ರಿಂದ ನಿಮ್ಮ ಕೈಯಲ್ಲಿದೆ. ಟಾರ್ಚ್ ಹಚ್ಚುವ ಆಪ್‌ಗೆ ನಿಮ್ಮ ಕಾಂಟ್ಯಾಕ್ಟ್ ಪಟ್ಟಿ ಯಾಕೆ?

ಫೋನಿನಿಂದ ಫೋನಿಗೆ ಫೈಲ್ ಕಳಿಸುತ್ತಿದ್ದ ಶೇರ್‌ಇಟ್ ಎಲ್ಲಿ ಹೋಯಿತು ಅಂತ ಈಗಲೂ ಕೇಳುವವರಿದ್ದಾರೆ. 2020ರ ಜೂನ್ 29ರಂದು ಸರ್ಕಾರ ನಿಷೇಧಿಸಿದ 59 ಆಪ್‌ಗಳ ಪಟ್ಟಿಯಲ್ಲಿ ಟಿಕ್‌ಟಾಕ್, ಯುಸಿ ಬ್ರೌಸರ್ ಜೊತೆ ಅದೂ ಹೋಯಿತು.

ಸರ್ಕಾರದ ಆಪ್ ಯಾವ್ ಇಟ್ಕೋಬೇಕ್ರಿ?

ನಾವು ಮಾಡಿದವಲ್ಲ, ಕೇಳುತ್ತೀರಿ ಅಂತ ಹೇಳುತ್ತೇವೆ. ಹೊಲ ಇದ್ದವರಿಗೆ ದಿಶಾಂಕ್, ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಬದುವಿನ ಜಗಳ ಅದರಿಂದ ಹರಿಯುವುದಿಲ್ಲ, ಅದಕ್ಕೆ ಮೋಜಣಿದಾರರೇ ಬರಬೇಕು. ರೈತರೇ ಬೆಳೆ ಸಮೀಕ್ಷೆ ಮಾಡುವ ಆಪ್ 2020ರಲ್ಲಿ ಬಂತು, ಹೊಲದಲ್ಲೇ ನಿಂತು ಫೋಟೋ ತೆಗೆಯಬೇಕು. ಫೋನ್ ಕಳೆದರೆ ಸಂಚಾರ್ ಸಾಥಿಯಲ್ಲಿ ಅದನ್ನು ಬಂದ್ ಮಾಡಿಸಬಹುದು. ಅದಕ್ಕೆ ಐಎಂಇಐ ನಂಬರ್, ಅಂದರೆ ಆ ಫೋನಿನದೇ ಗುರುತಿನ ಸಂಖ್ಯೆ, ಬೇಕು. ಇವತ್ತೇ *#06# ಒತ್ತಿ ನೋಡಿ ಉದ್ರಿ ವಹಿಯ ಮೊದಲ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

ಆತ್ರಿ, ವೆಬ್‌ಸೈಟೇ ಮಾಡ್ರಿ. ಬರುವಾಗ ಏನೇನ್ ತರಬೇಕು?

ಸಾಮಾನಿನ ಫೋಟೋ, ಒಂದೊಂದಕ್ಕೂ ಹೆಸರು ಮತ್ತು ದರ. ಫೋಟೋಗಳನ್ನು ವಾಟ್ಸ್ಯಾಪ್‌ನಲ್ಲಿ ಕಳಿಸುವುದಾದರೆ 'ಡಾಕ್ಯುಮೆಂಟ್' ಅಂತ ಕಳಿಸಿ, ಇಲ್ಲದಿದ್ದರೆ ಮಸಕಾಗಿ ಬರುತ್ತವೆ. ಪಾಂಪ್ಲೆಟ್ ಇದ್ದರೆ ಅದರ ಮೂಲ ಕಡತ, ನುಡಿಯಲ್ಲಿದ್ದರೂ ನಡೆದೀತು, ಬದಲಿಸಿಕೊಳ್ಳುತ್ತೇವೆ. ಯುಪಿಐ ಕ್ಯೂಆರ್‌ನ ಫೋಟೋ. ಡೊಮೇನ್ ನಿಮ್ಮ ಹೆಸರಿನಲ್ಲೇ ಕೊಳ್ಳಬೇಕು, ಅದಕ್ಕೆ ನಿಮ್ಮದೇ ಇಮೇಲ್ ಬೇಕು. ಮಗನ ಇಮೇಲ್ ಆದರೆ ಮಗನನ್ನೇ ಕರೆದುಕೊಂಡು ಬನ್ನಿ, ಪಾಸ್‌ವರ್ಡ್ ಮರೆತಿರುತ್ತಾನೆ. ಕನ್ನಡ ಲಿಪಿಯ '.ಭಾರತ' ವಿಳಾಸ ಬೇಕು ಅನ್ನುವವರಿಗೆ ಅದನ್ನೂ ಮಾಡಿಕೊಡುತ್ತೇವೆ, ಜೊತೆಗೆ ಇಂಗ್ಲಿಷ್ ಲಿಪಿಯದ್ದೂ ಒಂದಿರಲಿ.

ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಬಾಗಿಲು ಅರ್ಧ ಹಾಕಿರುತ್ತೇವೆ. ತಟ್ಟಿದರೆ ತೆರೆಯುತ್ತೇವೆ, ಸ್ವಲ್ಪ ನಿದ್ದೆಗಣ್ಣಲ್ಲಿ ಇರುತ್ತೇವೆ.